ಪಂಕೋತ್ತರ

‘ಉತ್ತರ’ ಎಂಬ ಮಾತಿಗೆ ನಮ್ಮಲ್ಲಿ ಮೂರು ಅರ್ಥ. ದಿಕ್ಕು ಒಂದು, ಕೇಳಿದ್ದಕ್ಕೆ ಕೊಡುವ ಮರುಮಾತು ಇನ್ನೊಂದು, ‘ಆಮೇಲಿನದು’ ಎಂಬುದು ಮತ್ತೊಂದು. ಉತ್ತರಕಾಂಡ, ಉತ್ತರಕ್ರಿಯೆ, ಉತ್ತರಾಧಿಕಾರಿ ಎನ್ನುವಾಗ ಇರುವುದು ಈ ಕಡೆಯ ಅರ್ಥ. ತರಗತಿಯಲ್ಲಿ ‘ನವ್ಯೋತ್ತರ’ ಎಂದು ಹಲಗೆಯ ಮೇಲೆ ಬರೆಯುವಾಗಲೆಲ್ಲ ನನಗೆ ಕೊಂಚ ಸಂಕೋಚವೇ. ಹುಟ್ಟಿದ ಕೂಸಿಗೆ ಹೆಸರಿಡುವ ಶ್ರಮ ತೆಗೆದುಕೊಳ್ಳದೆ, ‘ದೊಡ್ಡವನ ತಮ್ಮ’ ಎಂದು ಕರೆದು ಸುಮ್ಮನಾದ ಹಾಗೆ ಅದು. ತಮ್ಮನಿಗೂ ಅವನದೇ ಆದ ಮುಖವಿರುತ್ತದೆ, ಮುನಿಸಿರುತ್ತದೆ. ಆದರೆ ಊರಿನವರಿಗೆ ಅವನು ಕಡೆಯತನಕ ತಮ್ಮನೇ.

ಹೀಗೆ ಅಣ್ಣನ ಹೆಸರಿನಿಂದಲೇ ಗುರುತಾಗುವ ಒಂದು ಸಂಗೀತ ಇಂಗ್ಲೆಂಡಿನಲ್ಲಿದೆ. ಅದನ್ನು ಪೋಸ್ಟ್-ಪಂಕ್ ಎಂದು ಕರೆಯುತ್ತಾರೆ. ಪಂಕ್ ಎಂಬ ಗದ್ದಲದ ಸಂಗೀತ ಮುಗಿದ ಮೇಲೆ ಬಂದದ್ದು ಎಂದಷ್ಟೇ ಅದರ ಅರ್ಥ. ಕನ್ನಡದಲ್ಲಿ ಬೇಕಾದರೆ ಪಂಕೋತ್ತರ ಎನ್ನೋಣ. ಸಂಸ್ಕೃತದ ಪಂಕವೆಂದರೆ ಕೆಸರು. ೧೯೭೬ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ಹುಡುಗರು ಆ ಸಂಗೀತವನ್ನು ಬಾರಿಸಿದಾಗ ಅಲ್ಲಿನ ಹಿರಿಯರ ಅಭಿಪ್ರಾಯವೂ ಸುಮಾರಾಗಿ ಅದೇ ಆಗಿತ್ತು. ಆದರೆ ‘ಉತ್ತರ’ದ ಮೂರು ಅರ್ಥಗಳೂ ಈ ತಮ್ಮನಿಗೆ ಒಪ್ಪುತ್ತವೆ ಎಂಬುದು ನನಗೆ ಖುಷಿಯ ಸಂಗತಿ. ಅವನು ಆಮೇಲೆ ಬಂದವನು. ಅಣ್ಣನಿಗೆ ಎದುರು ಮಾತಾಡಿದವನು. ಬಹುಮಟ್ಟಿಗೆ ಇಂಗ್ಲೆಂಡಿನ ಉತ್ತರದ ಊರುಗಳಾದ ಮ್ಯಾಂಚೆಸ್ಟರ್, ಲೀಡ್ಸ್, ಶೆಫೀಲ್ಡುಗಳಿಂದ ಎದ್ದು ಬಂದವನು.

ಕನ್ನಡದ ಮೇಷ್ಟರಿಗೂ ಇದಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಎಂ.ಎ. ಮುಗಿಸಿ ನಾನು ಕೆಲಸ ಹುಡುಕುತ್ತಿದ್ದ ೨೦೦೪ರ ಕೊನೆಯಲ್ಲಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದ ಗೆಳೆಯನೊಬ್ಬನ ಕೋಣೆಯಲ್ಲಿ ಕೆಲವು ತಿಂಗಳು ಇದ್ದೆ. ಬಾಡಿಗೆ ಅವನದು, ಅಡಿಗೆ ನನ್ನದು, ಸಂಗೀತ ಅವನದು. ಕಂಪನಿಯ ಕೆಲಸದ ಮೇಲೆ ವಿಲಾಯತಿಗೆ ಹೋಗಿ ಬಂದಾಗ ಅವನು ಫ್ರಾಂಜ್ ಫರ್ಡಿನಾಂಡ್ ಎಂಬ ಗ್ಲಾಸ್ಗೋ ತಂಡದ ಸಿ.ಡಿ. ಒಂದನ್ನು ತಂದಿದ್ದ. ಗಿಟಾರು ಹರಿಯುವುದರ ಬದಲು ಕತ್ತರಿಸುತ್ತಿತ್ತು. ಈಳಿಗೆಯ ಮೇಲೆ ಹುರುಳಿಕಾಯಿ ಹೆಚ್ಚಿದ ಹಾಗೆ. “ಇದೇನೋ ಹೊಸ ತರಹ ಇದೆಯಲ್ಲೋ” ಎಂದೆ. “ಹೊಸದಲ್ಲ ಮಾರಾಯ, ಇಪ್ಪತ್ತೈದು ವರ್ಷದ ಹಳೇದು. ಈಗ ಮತ್ತೆ ಬಂದಿದೆ ಅಷ್ಟೆ” ಎಂದ.

ಹಳೆಯದು ಎಂದರೆ ಕನ್ನಡ ಮೇಷ್ಟರ ಕಿವಿ ನೆಟ್ಟಗಾಗುತ್ತದೆ. ಪಾಠಾಂತರ ಕಂಡ ಕೂಡಲೆ ಮೂಲಪ್ರತಿ ಎಲ್ಲಿ ಎಂದು ಕೇಳುವುದು ನಮ್ಮ ವೃತ್ತಿಗೆ ಅಂಟಿದ ಕಾಯಿಲೆ. ಹಾಗೆ ಹುಡುಕುತ್ತ ಹಿಂದಕ್ಕೆ ಹೋದವನು ಇನ್ನೂ ಪೂರ್ತಿ ವಾಪಸು ಬಂದಿಲ್ಲ. ಮನೆಯಲ್ಲಿ ಇದಕ್ಕೆ ಹೆಚ್ಚಿನ ಪ್ರೋತ್ಸಾಹವೇನೂ ಇಲ್ಲ. “ಏನ್ರೀ, ಇದು ಹಾಡೋ, ಪಕ್ಕದ ಮನೆಯವರು ಗೋಡೆ ಒಡೆಸ್ತಾ ಇದಾರೋ?” ಎಂದು ನನ್ನಾಕೆ ಅಡಿಗೆ ಮನೆಯಿಂದ ಕೇಳುವುದುಂಟು. ಪ್ರಶ್ನೆ ತೀರ ಅನ್ಯಾಯದ್ದೂ ಅಲ್ಲ.

ಮೂಲಕ್ಕೆ ಹೋಗೋಣ. ನಮ್ಮ ಅಜ್ಜಂದಿರ ಕಾಲಕ್ಕೆ ಮ್ಯಾಂಚೆಸ್ಟರ್ ಎಂದರೆ ಪಂಚೆಯ ಬಟ್ಟೆ. ಆ ಬಟ್ಟೆಯ ವ್ಯಾಪಾರದ ಹೆಮ್ಮೆಯಿಂದ ಊರಿನವರು ಹತ್ತೊಂಬತ್ತನೆಯ ಶತಮಾನದ ನಡುವೆ ಕಟ್ಟಿಸಿದ ಭವನಕ್ಕೆ ‘ಫ್ರೀ ಟ್ರೇಡ್ ಹಾಲ್’ ಎಂದೇ ಹೆಸರು. ಅದರ ಮಹಡಿಯ ಚಿಕ್ಕ ಸಭಾಂಗಣದಲ್ಲಿ ೧೯೭೬ನೆಯ ಜೂನ್ ೪ರಂದು ಸೆಕ್ಸ್ ಪಿಸ್ಟಲ್ಸ್ ಬಾರಿಸಿದರು. ಅವರನ್ನು ಕರೆಸಿದವರು ಹಾವರ್ಡ್ ಡಿವೋಟೊ, ಪೀಟ್ ಶೆಲಿ ಎಂಬ ಇಬ್ಬರು ವಿದ್ಯಾರ್ಥಿಗಳು. ಬಂದ ಜನ ಸುಮಾರು ನಲವತ್ತು. ಈಗ ಮ್ಯಾಂಚೆಸ್ಟರಿನಲ್ಲಿ ‘ನಾನು ಆವತ್ತು ಅಲ್ಲಿದ್ದೆ’ ಎನ್ನುವವರನ್ನು ಲೆಕ್ಕ ಹಾಕಿದರೆ ಒಂದು ಫುಟ್‌ಬಾಲ್ ಮೈದಾನ ಬೇಕಾಗುತ್ತದಂತೆ. ನಿಜವಾಗಿ ಇದ್ದವರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಎಂಬ ಇಬ್ಬರು ಹುಡುಗರು ಸೇರಿದ್ದರು. ಇವರೇ ಇಷ್ಟು ಕೆಟ್ಟದಾಗಿ ಬಾರಿಸಿ ವೇದಿಕೆ ಹತ್ತಬಹುದಾದರೆ ನಾವೇಕೆ ಬಾರದು ಎಂಬುದು ಅವರಿಗಾದ ಜ್ಞಾನೋದಯ. ಹುಕ್ ತಾಯಿಯ ಹತ್ತಿರ ೩೫ ಪೌಂಡು ಸಾಲ ತೆಗೆದುಕೊಂಡು ಒಂದು ಬಾಸ್ ಗಿಟಾರು ಕೊಂಡ.

ಪಂಕ್ ಕೊಟ್ಟ ನಿಜವಾದ ವರ ಇದೊಂದೇ ಎಂದು ನನ್ನ ನಂಬಿಕೆ. ಅದರ ಸಂಗೀತ ಹೊಸದಾಗಿರಲಿಲ್ಲ. ಹಳೆಯ ರಾಕ್ ಸಂಗೀತವನ್ನೇ ಸಿಟ್ಟಿನಿಂದ, ವೇಗವಾಗಿ ನುಡಿಸಿದ್ದು. ವೇಗಕ್ಕೆ ಒಂದು ಮಿತಿಯಿದೆ. ೧೯೭೮ರ ಜನವರಿಯಲ್ಲಿ ಸೆಕ್ಸ್ ಪಿಸ್ಟಲ್ಸ್ ಒಡೆದುಹೋಯಿತು. ಅದರ ಗಾಯಕ ಜಾನಿ ರಾಟನ್ ತನ್ನ ವೇಷದ ಹೆಸರನ್ನು ಕಿತ್ತೆಸೆದು ಜಾನ್ ಲೈಡನ್ ಎಂಬ ಮನೆಯ ಹೆಸರಿಗೇ ಮರಳಿ, ಪಬ್ಲಿಕ್ ಇಮೇಜ್ ಲಿಮಿಟೆಡ್ ಎಂಬ ಬೇರೆ ತಂಡ ಕಟ್ಟಿದ. ೧೯೭೯ರಲ್ಲಿ ಅವರ ಪ್ಲೇಟುಗಳು ಬಂದದ್ದು ಸಿನಿಮಾ ರೀಲು ಇಡುವಂಥ ಒಂದು ದುಂಡನೆಯ ತಗಡಿನ ಡಬ್ಬಿಯಲ್ಲಿ. ಮೂರು ಪ್ಲೇಟು ಒತ್ತಿ ಕೂರಿಸಿದ್ದರಿಂದ ಗೀರು ಬೀಳದಂತೆ ಹೊರಕ್ಕೆ ತೆಗೆಯುವುದೇ ಒಂದು ಸಾಹಸ. ನಮ್ಮ ಚಕ್ಕುಲಿ ಡಬ್ಬಿಯನ್ನು ನೆನಪಿಗೆ ತರುವ ಆ ವಸ್ತುವಿನೊಳಗೆ ಇದ್ದುದು ಜಮೈಕದ ರೆಗೆಯಿಂದ ಕಲಿತ, ನೆಲ ನಡುಗಿಸುವ ಬಾಸು. ಅದರ ಮೇಲೆ ಗಾಜು ಕೆರೆದಂಥ ಗಿಟಾರು.

ಹೀಗೆ ಅಲ್ಲಲ್ಲಿ ಹುಡುಗ ಹುಡುಗಿಯರು ಒಂದೇ ಪ್ರಶ್ನೆಯನ್ನು ಕೇಳಿಕೊಂಡರು. ಯಾರು ಬೇಕಾದರೂ ಬಾರಿಸಬಹುದು ಸರಿ, ಏನನ್ನು ಬಾರಿಸಬೇಕು? ಒಬ್ಬೊಬ್ಬರ ಉತ್ತರ ಒಂದೊಂದು. ಶೆಫೀಲ್ಡಿನವರು ಯಂತ್ರಗಳನ್ನೂ ಟೇಪನ್ನೂ ಹಿಡಿದರು. ಲೀಡ್ಸ್ ವಿಶ್ವವಿದ್ಯಾನಿಲಯದ ಚಿತ್ರಕಲೆಯ ವಿದ್ಯಾರ್ಥಿಗಳು ಗ್ಯಾಂಗ್ ಆಫ್ ಫೋರ್ ಎಂಬ ತಂಡ ಕಟ್ಟಿ, ಕುಣಿತದ ತಾಳದ ಮೇಲೆ ಅರ್ಥಶಾಸ್ತ್ರವನ್ನು ಹಾಡಿದರು. ೧೯೭೯ರ ಅವರ ಮೊದಲ ಪ್ಲೇಟಿನ ಹೊದಿಕೆಯಲ್ಲಿ ಒಬ್ಬ ಕೌಬಾಯ್ ಒಬ್ಬ ಇಂಡಿಯನ್ನನ (ನಾವಲ್ಲ, ಅಮೆರಿಕದ ಮೂಲನಿವಾಸಿ) ಕೈ ಕುಲುಕುತ್ತಿದ್ದಾನೆ; ಈ ಸ್ನೇಹದಲ್ಲಿ ಯಾರಿಗೆ ಏನು ಲಾಭ ಎಂಬುದನ್ನು ಸುತ್ತಲೂ ಬರೆದಿದ್ದಾರೆ. ಅದೇ ವರ್ಷ ಬಿ.ಬಿ.ಸಿ. ದೂರದರ್ಶನದ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮಕ್ಕೆ ಅವರನ್ನು ಕರೆದಿದ್ದರು. ಹಾಡಿನಲ್ಲಿ ಕುಟುಂಬ ಯೋಜನೆಯ ಸಾಧನವೊಂದರ ಹೆಸರು ಬರುತ್ತಿತ್ತು; ಆ ಪದವನ್ನು ಬದಲಾಯಿಸಿ ಎಂದು ಅಲ್ಲಿನವರು ಕೇಳಿದರು. ಒಂದು ಪದದ ಜಗಳದಲ್ಲಿ ತಂಡ ಎದ್ದು ಹೊರಗೆ ಬಂತು. ಆ ಒಂದು ಸಂಜೆ ಅವರು ಬಗ್ಗಿದ್ದರೆ ಅವರ ಅದೃಷ್ಟವೇ ಬೇರೆಯಾಗುತ್ತಿತ್ತೋ ಏನೋ. ಪದಕ್ಕಾಗಿ ಜಗಳವಾಡುವವರ ಮೇಲೆ ನನಗೆ ಸಹಜವಾಗಿಯೇ ಪಕ್ಷಪಾತ.

ಇವರೆಲ್ಲರಲ್ಲಿ ಸಮಾನವಾದದ್ದು ಇಷ್ಟು: ನೆನ್ನೆ ಬಾರಿಸಿದ್ದನ್ನು ಇಂದು ಬಾರಿಸಬಾರದು. ಗಿಟಾರು ಮುಂದೆ ನಿಂತು ಮೆರೆಯಬೇಕು ಎಂಬ ರೂಢಿಯನ್ನು ಅವರು ಒಡೆದರು. ಬಾಸ್ ಗಿಟಾರು, ನಮ್ಮ ಕಚೇರಿಯ ತಂಬೂರಿಯ ಹಾಗೆ, ಹಿಂದೆ ಕುಳಿತು ಆಧಾರ ಕೊಡುವ ವಾದ್ಯ. ಇವರಲ್ಲಿ ಅದೇ ಮುಂದೆ ಬಂದು ರಾಗ ಹಿಡಿಯುತ್ತದೆ. ಪೀಟರ್ ಹುಕ್ ತನ್ನ ಬಾಸಿನಲ್ಲಿ ಏಕೆ ಅಷ್ಟು ಮೇಲಿನ ಸ್ವರಗಳಿಗೆ ಹೋಗುತ್ತಿದ್ದ ಎಂಬುದಕ್ಕೆ ಅವನೇ ಕೊಟ್ಟಿರುವ ಕಾರಣ ಸೊಗಸಾಗಿದೆ. ಅವನ ಧ್ವನಿವರ್ಧಕ ಅಗ್ಗದ್ದು. ಸಮ್ನರನ ಗಿಟಾರಿನ ಅಬ್ಬರದಲ್ಲಿ, ಮೇಲಿನ ಸ್ಥಾಯಿಗೆ ಹೋದರೆ ಮಾತ್ರ ತನ್ನ ವಾದ್ಯ ತನಗೆ ಕೇಳುತ್ತಿತ್ತು. ಹಾಡುಗಾರನಿಗೆ ಅದೇ ಹಿಡಿಸಿತು. ಬಡತನದಿಂದ ಶೈಲಿ ಹುಟ್ಟುವುದು ಹೀಗೆ.

ದುಡ್ಡಿನ ಮಾತು ಬಂತು. ಸಾಹಿತ್ಯದ ಪುಟದಲ್ಲಿ ದುಡ್ಡಿನ ಮಾತು ಸಲ್ಲದು ಎನ್ನುವವರು ಕವನಸಂಕಲನವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವರಲ್ಲ. ಮ್ಯಾಂಚೆಸ್ಟರಿನ ಆ ಕಚೇರಿಯನ್ನು ಏರ್ಪಡಿಸಿದ ಡಿವೋಟೊ ಮತ್ತು ಶೆಲಿ ಬಜ್‌ಕಾಕ್ಸ್ ಎಂಬ ತಮ್ಮ ತಂಡದ ನಾಲ್ಕು ಹಾಡುಗಳ ಪ್ಲೇಟನ್ನು ೧೯೭೭ರ ಜನವರಿಯಲ್ಲಿ ಹೊರತಂದರು. ಬಂಧುಮಿತ್ರರಲ್ಲಿ ಎತ್ತಿದ ಸಾಲ ಸುಮಾರು ೫೦೦ ಪೌಂಡು, ಮುದ್ರಿಸಿದ್ದು ಒಂದು ಸಾವಿರ ಪ್ರತಿ. ದೊಡ್ಡ ಕಂಪನಿಯ ಬಾಗಿಲು ಕಾಯದೆ ಪ್ಲೇಟು ತರಬಹುದು ಎಂಬುದು ಅದರಿಂದ ಊರೂರಿಗೆ ತಿಳಿಯಿತು. ಮರುವರ್ಷ ಲಂಡನ್ನಿನ ಸ್ಕ್ರಿಟಿ ಪೊಲಿಟಿ ಎಂಬ ತಂಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಧ್ವನಿಮುದ್ರಣಕ್ಕೆ ಎಷ್ಟಾಯಿತು, ಪ್ಲೇಟು ಒತ್ತಿಸುವುದಕ್ಕೆ ಎಷ್ಟು, ಅಂಟಿಸುವ ಚೀಟಿಗೆ ಎಷ್ಟು ಎಂದು ಖರ್ಚಿನ ಪಟ್ಟಿಯನ್ನು ಹೊದಿಕೆಯ ಮೇಲೆಯೇ ಅಚ್ಚು ಹಾಕಿದರು. ಕೊಂಡವನು ಕೇಳಿ ಆನಂದಿಸಿದರೆ ಸಾಲದು, ಲೆಕ್ಕ ನೋಡಿ ತಾನೂ ಒಂದನ್ನು ಮಾಡಬೇಕು! ಕಲೆಯ ಇತಿಹಾಸದಲ್ಲಿ ಇಂಥ ಔದಾರ್ಯ ಹೆಚ್ಚು ಕಂಡಿಲ್ಲ. ಅಡಿಗೆಯವನು ಎಲೆಯ ಮೇಲೆ ಬಡಿಸುವಾಗಲೇ ಕೈಗೆ ಪಾಕದ ಚೀಟಿಯನ್ನೂ ಕೊಟ್ಟ ಹಾಗೆ.

ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಂಸ್ಥೆಯದು ಮತ್ತೊಂದು ಕಥೆ. ಅದರ ಮುಖ್ಯಸ್ಥ ಟೋನಿ ವಿಲ್ಸನ್ ಊರಿನ ಟೆಲಿವಿಷನ್ನಿನಲ್ಲಿ ವಾರ್ತೆ ಓದುವ ಕೆಲಸದಲ್ಲಿದ್ದವರು. ಪ್ಲೇಟಿಗೆ ಮಾತ್ರವಲ್ಲದೆ, ಸಂಸ್ಥೆಗೆ ಸಂಬಂಧಿಸಿದ ಎಲ್ಲಕ್ಕೂ ಕ್ರಮಸಂಖ್ಯೆ ಕೊಡುವುದು ಅವರ ಪದ್ಧತಿ. ಮೊದಲನೆಯ ಸಂಖ್ಯೆ ಒಂದು ಗೋಡೆಯ ಭಿತ್ತಿಪತ್ರಕ್ಕೆ. ೫೧ ಅವರ ನೃತ್ಯಶಾಲೆಗೆ. ಒಂದು ಬೆಕ್ಕಿಗೂ ಸಂಖ್ಯೆ ಇತ್ತು. ೨೦೦೭ರಲ್ಲಿ ವಿಲ್ಸನ್ ತೀರಿಕೊಂಡಾಗ ಅವರ ಶವಪೆಟ್ಟಿಗೆಗೆ ಸಂದದ್ದು ೫೦೧. ಗ್ರಂಥಾಲಯದವರು ಇದನ್ನು ಮೆಚ್ಚಬೇಕು. ವ್ಯವಹಾರದಲ್ಲಿ ಮಾತ್ರ ಅವರು ಸೊನ್ನೆ. ಸಂಗೀತ ಸಂಗೀತಗಾರರದೇ, ಸಂಸ್ಥೆಯದಲ್ಲ ಎಂಬುದು ಅವರ ಕರಾರು. ೧೯೯೨ರಲ್ಲಿ ಸಂಸ್ಥೆ ಮುಳುಗುತ್ತಿದ್ದಾಗ ಕೊಳ್ಳಲು ಬಂದ ದೊಡ್ಡ ಕಂಪನಿಗೆ, ಇಲ್ಲಿ ಕೊಳ್ಳುವುದಕ್ಕೇ ಏನೂ ಇಲ್ಲ ಎಂದು ಗೊತ್ತಾದದ್ದು ಆ ಕರಾರಿನಿಂದ.

ಫ್ಯಾಕ್ಟರಿಯಿಂದ ೧೯೭೯ರ ಜೂನ್ ತಿಂಗಳಲ್ಲಿ ಸಮ್ನರ್, ಹುಕ್ ಇದ್ದ ತಂಡದ ಮೊದಲ ಪ್ಲೇಟು ಬಂತು. ತಂಡದ ಹೆಸರು ಜಾಯ್ ಡಿವಿಷನ್, ಪ್ಲೇಟಿನ ಹೆಸರು ‘ಅನ್‌ನೋನ್ ಪ್ಲೆಷರ್ಸ್’. ಧ್ವನಿಮುದ್ರಣ ನಡೆಸಿದ ಮಾರ್ಟಿನ್ ಹ್ಯಾನೆಟ್ ಎಂಬಾತ ವಿಚಿತ್ರ ಮನುಷ್ಯ. ಡ್ರಮ್ಮಿನ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಬಾರಿಸು ಎಂದು ವಾದಕನನ್ನು ಗೋಳು ಹೊಯ್ದುಕೊಂಡ. ಸ್ಟುಡಿಯೋದ ಹಳೆಯ ಲಿಫ್ಟಿನ ಸದ್ದನ್ನು ಹಿಡಿದು ಹಾಡಿನೊಳಗೆ ಸೇರಿಸಿದ. ವೇದಿಕೆಯ ಮೇಲೆ ಅಬ್ಬರಿಸುತ್ತಿದ್ದ ತಮ್ಮ ಸಂಗೀತ ಹೀಗೆ ತಣ್ಣಗೆ, ಯಾವುದೋ ಖಾಲಿ ಗೋದಾಮಿನಿಂದ ಬಂದಂತೆ ಆದದ್ದು ಹುಕ್‌ಗೂ ಸಮ್ನರ್‌ಗೂ ಹಿಡಿಸಲಿಲ್ಲ. ನಮಗೆ ಇಂದು ಕೇಳುವುದು ಆ ಖಾಲಿಯೇ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರಿನ ಸಂಜೆ ಅದರಲ್ಲಿದೆ.

ಹಾಡುಗಾರ ಇಯನ್ ಕರ್ಟಿಸ್. ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ವಿಭಾಗದಲ್ಲಿ ನೌಕರನಾಗಿದ್ದ. ಸಂಸಾರಸ್ಥ, ಒಂದು ಮಗುವಿನ ತಂದೆ. ಮೂರ್ಛೆರೋಗದಿಂದ ಬಳಲುತ್ತಿದ್ದ ಆತ ವೇದಿಕೆಯ ಮೇಲೂ ಕೆಲವೊಮ್ಮೆ ಕುಸಿಯುತ್ತಿದ್ದ. ಜನಕ್ಕೆ ಅದು ಕುಣಿತವೋ ರೋಗವೋ ತಿಳಿಯುತ್ತಿರಲಿಲ್ಲ. ೧೯೮೦ನೆಯ ಮೇ ೧೮ರಂದು, ಅಮೆರಿಕದ ಪ್ರವಾಸಕ್ಕೆ ತಂಡ ಹೊರಡಲು ಒಂದೇ ದಿನ ಇರುವಾಗ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ವಯಸ್ಸು ಇಪ್ಪತ್ತಮೂರು. ನಮ್ಮ ಕಾಲೇಜಿನಲ್ಲಿ ಎಂ.ಎ. ಎರಡನೆಯ ವರ್ಷದ ಹುಡುಗರ ವಯಸ್ಸು ಅದು. ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಬೇರೆಯದೇ ಆದ ಸಂಗೀತ ಮಾಡಿದರು.

ಆ ಪ್ಲೇಟಿನ ಹೊದಿಕೆಯನ್ನು ನೀವೂ ನೋಡಿದ್ದೀರಿ. ಎಲ್ಲಿ ಎಂದು ಗೊತ್ತಿರಲಾರದು ಅಷ್ಟೆ. ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿಯ ಗೆರೆಗಳು ಒಂದರ ಕೆಳಗೊಂದು, ನಡುವೆ ಬೆಟ್ಟದ ಸಾಲಿನಂತೆ ಎದ್ದಿವೆ. ಮುಂದುಗಡೆ ಹೆಸರಿಲ್ಲ, ಅಕ್ಷರವಿಲ್ಲ. ನಮ್ಮ ಊರಿನ ಬೀದಿಬದಿಯಲ್ಲಿ ರಾಶಿ ಹಾಕಿ ಮಾರುವ ಟೀಷರ್ಟುಗಳಲ್ಲಿ ಇದು ಇದ್ದೇ ಇರುತ್ತದೆ. ಹೋದ ವರ್ಷ ಪದವಿ ತರಗತಿಯ ಹುಡುಗನೊಬ್ಬ ಅದನ್ನು ತೊಟ್ಟು ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಪಾಠ ಮುಗಿದ ಮೇಲೆ, “ಏನಪ್ಪಾ ಅದು ಚಿತ್ರ?” ಎಂದೆ. “ವೆಸ್ಟರ್ನ್ ಘಾಟ್ಸ್ ಸಾರ್” ಎಂದ. ಪಕ್ಕದವನು, “ಅಲ್ಲ ಸಾರ್, ಈಸಿಜಿ” ಎಂದ.

ಎರಡನೆಯವನ ಉತ್ತರವೇ ನಿಜಕ್ಕೆ ಹತ್ತಿರ. ೧೯೬೭ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಸೆಲಿನ್ ಬೆಲ್ ಎಂಬ ತರುಣಿ ಆಕಾಶದಿಂದ ಬರುವ ಒಂದು ರೇಡಿಯೊ ಮಿಡಿತವನ್ನು ಕಂಡುಹಿಡಿದರು. ೧.೩೩೭ ಸೆಕೆಂಡಿಗೊಮ್ಮೆ, ತಪ್ಪದೆ. ಅದು ಉರಿದು ಮುಗಿದ ಒಂದು ದೊಡ್ಡ ನಕ್ಷತ್ರದ ಉಳಿಕೆ. ತಿರುಗುತ್ತ ದೀಪಸ್ತಂಭದ ಹಾಗೆ ಕಿರಣ ಬೀಸುತ್ತದೆ. (೧೯೭೪ರಲ್ಲಿ ಇದಕ್ಕಾಗಿ ನೊಬೆಲ್ ಪ್ರಶಸ್ತಿ ಬಂದದ್ದು ಆಕೆಯ ಗುರುಗಳಿಗೆ, ಸಂಶೋಧನ ವಿದ್ಯಾರ್ಥಿಗಳು ಓದಿ ನಿಟ್ಟುಸಿರು ಬಿಡಲಿ.) ಒಂದಾದ ಮೇಲೊಂದು ಬಂದ ಎಂಬತ್ತು ಮಿಡಿತಗಳನ್ನು ಕೆಳಗೆ ಕೆಳಗೆ ಬರೆದರೆ ಆ ಚಿತ್ರ. ತಂಡದವರು ಖಗೋಳ ವಿಶ್ವಕೋಶವೊಂದರಲ್ಲಿ ಅದನ್ನು ಕಂಡು, ಹೊದಿಕೆ ಮಾಡುವ ಪೀಟರ್ ಸ್ಯಾವಿಲನಿಗೆ ಕೊಟ್ಟರು. ಆತ ಬಿಳಿಯ ಮೇಲಿದ್ದ ಕಪ್ಪು ಗೆರೆಯನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿ ಮಾಡಿದ. ೨೦೧೨ರಲ್ಲಿ ಡಿಸ್ನಿಯವರು ಅದೇ ಗೆರೆಗಳಲ್ಲಿ ಮಿಕಿ ಮೌಸಿನ ಮುಖ ಮೂಡಿಸಿ ಟೀಷರ್ಟು ಮಾರಲು ಹೊರಟು, ಗದ್ದಲವಾದದ್ದರಿಂದ ಹಿಂದಕ್ಕೆ ತೆಗೆದುಕೊಂಡರು.

ಹುಡುಗನಿಗೆ ಇಷ್ಟನ್ನೂ ಹೇಳಿ, ಹಾಡುಗಳ ಹೆಸರು ಬರೆದುಕೊಟ್ಟೆ. ಹೊದ್ದುಕೊಂಡವನು ಕೇಳಿರಲೇಬೇಕು ಎಂಬ ನಿಯಮವೇನೂ ಇಲ್ಲ. ಆಟೋರಿಕ್ಷಾದ ಬೆನ್ನ ಮೇಲೆ ವಚನ ಬರೆಸಿದವರೆಲ್ಲ ಷಟ್‌ಸ್ಥಲ ಓದಿದವರಲ್ಲ. ಒಂದು ವಾರ ಬಿಟ್ಟು ಅವನು ಕಾರಿಡಾರಿನಲ್ಲಿ ಸಿಕ್ಕ. “ಕೇಳಿದೆ ಸಾರ್” ಎಂದ. ಸ್ವಲ್ಪ ತಡೆದು, “ರಾತ್ರಿ ಒಬ್ಬನೇ ಕೇಳಬಾರದಿತ್ತು” ಎಂದ. ಒಳ್ಳೆಯ ವಿಮರ್ಶೆ. ಅವನ ಜೊತೆ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ಆ ಹಾಡುಗಾರನ ರೋಗದ ವಿಷಯ, ಆ ಕಾಲಕ್ಕೆ ಔಷಧ ಎಷ್ಟು ಒರಟಾಗಿತ್ತು ಎಂಬ ವಿಷಯ ಮಾತಾಡಿದೆ. ಸಾವನ್ನು ಚಂದದ ಚೌಕಟ್ಟಿನಲ್ಲಿ ಹಾಕಿ ಗೋಡೆಗೆ ತೂಗುಬಿಡುವವರು ಈ ಸಂಗೀತದ ಭಕ್ತರಲ್ಲಿ ಬಹಳ. ನನಗೆ ಅವರನ್ನು ಕಂಡರೆ ಆಗುವುದಿಲ್ಲ.

ಈಗ ಮರಳಿ ಬಂದ ಕಥೆ. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಬಾರದು ಎಂದು ಹೊರಟ ಸಂಗೀತಕ್ಕೆ ಪುನರುಜ್ಜೀವನ ಎಂದರೆ ಏನರ್ಥ? ಈ ತೊಡಕನ್ನು ಎಲ್ಲರಿಗಿಂತ ಮೊದಲು ಕಂಡವರು ವಯರ್ ಎಂಬ ಲಂಡನ್ ತಂಡದವರು. ೧೯೭೭ರ ಅವರ ‘ಪಿಂಕ್ ಫ್ಲ್ಯಾಗ್’ ಎಂಬ ಮೊದಲ ಪ್ಲೇಟಿನಲ್ಲಿ ಸುಮಾರು ಮೂವತ್ತೈದು ನಿಮಿಷಕ್ಕೆ ಇಪ್ಪತ್ತೊಂದು ಹಾಡು. ಹೇಳುವುದು ಮುಗಿದ ಕೂಡಲೆ ಹಾಡೂ ಮುಗಿಯುತ್ತದೆ (ನಮ್ಮ ಸಭಾಧ್ಯಕ್ಷರು ಕೇಳಬೇಕು). ಹತ್ತು ವರ್ಷದ ಮೇಲೆ, ೧೯೮೭ರಲ್ಲಿ, ಅವರು ಅಮೆರಿಕಕ್ಕೆ ಹೋದಾಗ ಜನ ಬಯಸಿದ್ದು ಆ ಹಳೆಯ ಹಾಡುಗಳನ್ನೇ. ಇವರಿಗೋ ಹೊಸದನ್ನು ಬಾರಿಸುವ ಹಟ. ಕಡೆಗೆ ಒಂದು ಉಪಾಯ ಮಾಡಿದರು: ‘ಪಿಂಕ್ ಫ್ಲ್ಯಾಗ್’ ಹಾಡುಗಳನ್ನು ಅನುಕರಿಸಿ ಬಾರಿಸುತ್ತಿದ್ದ ಎಕ್ಸ್-ಲಯನ್ ಟೇಮರ್ಸ್ ಎಂಬ ಬೇರೊಂದು ತಂಡವನ್ನು ಜೊತೆಗೆ ಕರೆದುಕೊಂಡು ಹೋದರು. ಸಂಜೆಯ ಮೊದಲ ಭಾಗದಲ್ಲಿ ಆ ಬಾಡಿಗೆಯವರು ಹಳೆಯದನ್ನು ಬಾರಿಸುವುದು. ಆಮೇಲೆ ನಿಜವಾದ ವಯರ್ ಬಂದು ಹೊಸದನ್ನು ಬಾರಿಸುವುದು. ತಿಥಿಗೆ ಬ್ರಾಹ್ಮಣಾರ್ಥಕ್ಕೆ ಕೂರಿಸುವಂತೆ ತಮ್ಮದೇ ಪೂರ್ವಜನ್ಮಕ್ಕೆ ಬೇರೊಬ್ಬರನ್ನು ಕೂರಿಸಿದರಲ್ಲ, ಆ ಧೈರ್ಯಕ್ಕೆ ನಾನು ಈಗಲೂ ನಗುತ್ತೇನೆ.

ನಿಜವಾದ ಸುಗ್ಗಿ ಬಂದದ್ದು ೨೦೦೨ರಿಂದ ೨೦೦೫ರವರೆಗೆ. ನ್ಯೂಯಾರ್ಕಿನ ಇಂಟರ್‌ಪೋಲ್, ಗ್ಲಾಸ್ಗೋದ ಫ್ರಾಂಜ್ ಫರ್ಡಿನಾಂಡ್, ಲಂಡನ್ನಿನ ಬ್ಲಾಕ್ ಪಾರ್ಟಿ. ಒಂದೊಂದರಲ್ಲೂ ಹಳೆಯವರ ಗುರುತು ಎದ್ದು ಕಾಣುತ್ತದೆ. ೨೦೦೪ರಲ್ಲಿ ಫ್ರಾಂಜ್ ಫರ್ಡಿನಾಂಡಿಗೆ ಮರ್ಕ್ಯುರಿ ಬಹುಮಾನವೂ ಬಂತು. ಲೀಡ್ಸಿನ ಹಳೆಯ ಗ್ಯಾಂಗ್ ಆಫ್ ಫೋರ್ ಮತ್ತೆ ಒಂದಾಗಿ ೨೦೦೫ರಲ್ಲಿ ಊರೂರು ತಿರುಗಿ, ತಮ್ಮ ಹಳೆಯ ಹಾಡುಗಳನ್ನೇ ಹೊಸದಾಗಿ ಮುದ್ರಿಸಿದರು. ಸೈಮನ್ ರೆನಾಲ್ಡ್ಸ್ ಎಂಬ ವಿಮರ್ಶಕರು ಅದೇ ವರ್ಷ ೧೯೭೮ರಿಂದ ೮೪ರವರೆಗಿನ ಈ ಸಂಗೀತದ ದೊಡ್ಡ ಇತಿಹಾಸವನ್ನು ಬರೆದು, ಮರೆತವರನ್ನೆಲ್ಲ ಎಬ್ಬಿಸಿ ಕೂರಿಸಿದರು. ಆರು ವರ್ಷದ ಮೇಲೆ ಅದೇ ರೆನಾಲ್ಡ್ಸರು ‘ರೆಟ್ರೊಮೇನಿಯ’ ಎಂಬ ಇನ್ನೊಂದು ಪುಸ್ತಕ ಬರೆದು, ಈ ಕಾಲದ ಸಂಗೀತಕ್ಕೆ ಹಳೆಯದರ ಚಟ ಹಿಡಿದಿದೆ ಎಂದು ಗೋಳಾಡಿದರು. ಚಟ ಹತ್ತಿಸಿದವರಲ್ಲಿ ತಾವೂ ಒಬ್ಬರೆಂಬುದು ಅವರಿಗೂ ಗೊತ್ತಿದ್ದೀತು.

ಆ ಸುಗ್ಗಿಯ ಹಾಡುಗಳು ನನಗೆ ಪ್ರಿಯವೇ. ಅವುಗಳ ಬಾಗಿಲಿನಿಂದಲೇ ಅಲ್ಲವೆ ನಾನು ಒಳಗೆ ಹೋದದ್ದು? ಆದರೂ ಒಂದು ಮಾತು ಹೇಳಬೇಕು. ಮರಳಿ ಬಂದದ್ದು ಸದ್ದು. ಗಿಟಾರಿನ ಕತ್ತರಿಕೆ ಬಂತು, ಬಾಸಿನ ಮುಂದಾಳುತನ ಬಂತು, ಕಪ್ಪು ಅಂಗಿ, ಸಪೂರ ಟೈ, ತಗ್ಗಿದ ದನಿ ಎಲ್ಲ ಬಂದವು. ಖರ್ಚಿನ ಪಟ್ಟಿ ಬರಲಿಲ್ಲ. ಒಂದು ಪದಕ್ಕಾಗಿ ಎದ್ದುಹೋಗುವ ಜಗಳ ಬರಲಿಲ್ಲ. ೧೯೭೯ರಲ್ಲಿ ಗಿಟಾರು ಹಾಗೆ ಕತ್ತರಿಸಿದ್ದಕ್ಕೆ ಒಂದು ಕಾರಣವಿತ್ತು. ಹಾಡುಗಾರಿಕೆಯಲ್ಲಿ ಯಾವ ವಾದ್ಯವೂ ಯಜಮಾನನಾಗಬಾರದು, ಎಲ್ಲಕ್ಕೂ ಸಮನಾದ ಜಾಗ ಬೇಕು ಎಂದು ಚರ್ಚಿಸಿ ಮಾಡಿಕೊಂಡದ್ದು ಅದು. ೨೦೦೪ರ ಹೊತ್ತಿಗೆ ಅದು ಒಂದು ಸೊಗಸಾಗಿತ್ತು. ಹಳಗನ್ನಡದ ಪದ್ಯವನ್ನು ರಾಗವಾಗಿ ಓದುವುದಕ್ಕೂ, ಕವಿ ಯಾರ ಮೇಲೆ ಸಿಟ್ಟಾಗಿದ್ದಾನೆ ಎಂದು ತಿಳಿಯುವುದಕ್ಕೂ ಇರುವ ಅಂತರ ಇದು. ಪ್ರತಿ ಜೂನ್ ತಿಂಗಳಲ್ಲಿ ಹೊಸ ತರಗತಿಯ ಎದುರು ನಿಂತಾಗ ನನ್ನನ್ನು ಕಾಡುವ ಚಿಂತೆ ಇದೇ ಆದ್ದರಿಂದ ಇಷ್ಟು ಬರೆದೆ. ರಾಗವನ್ನು ಕಲಿಸುವುದು ಸುಲಭ. ಹುಡುಗರು ಬೇಗ ಕಲಿತೂ ಬಿಡುತ್ತಾರೆ. ಸಿಟ್ಟನ್ನು ಹೇಗೆ ಕಲಿಸಲಿ?

ಮರಳಿ ಬರುವುದಕ್ಕೆ ಇನ್ನೊಂದು ದಾರಿಯೂ ಇದೆ. ೧೯೭೭ರಲ್ಲಿ ಲಂಡನ್ನಿನ ಹಾರ್ನ್‌ಸಿ ಕಲಾಶಾಲೆಯ ಇಬ್ಬರು ಹೆಣ್ಣುಮಕ್ಕಳು, ಜೀನಾ ಬರ್ಚ್ ಮತ್ತು ಪೋರ್ಚುಗಲ್ ಕಡೆಯ ಆನಾ ಡ ಸಿಲ್ವಾ, ರೇನ್‌ಕೋಟ್ಸ್ ಎಂಬ ತಂಡ ಕಟ್ಟಿದರು. ಬಾರಿಸಲು ಬಾರದೆಯೇ ಶುರುಮಾಡಿ, ಬಾರಿಸುತ್ತ ಕಲಿತವರು. ಆಮೇಲೆ ಸೇರಿದ ವಿಕಿ ಆಸ್ಪಿನಾಲ್ ಶಾಸ್ತ್ರೀಯವಾಗಿ ಪಿಟೀಲು ಕಲಿತ ಹುಡುಗಿ. ಈ ತಂಡದಲ್ಲಿ ಆಕೆ ತನ್ನ ಶಿಕ್ಷಣವನ್ನು ಮರೆಯುವಷ್ಟು ಕಲಿಯಬೇಕಾಯಿತು. ಚೌಡಯ್ಯನವರನ್ನು ಕೇಳಿ ಬೆಳೆದ ಮನೆಯವರಿಗೆ ಆ ಪಿಟೀಲು ಬಾಗಿಲ ತಿರುಗಣೆಯ ಕಿರುಗುಟ್ಟುವಿಕೆಯೆನಿಸೀತು. ಎರಡು ಮೂರು ಸಲ ಕೇಳಿದ ಮೇಲೆ ಅದು ಮನೆಯಲ್ಲಿ ಯಾರೋ ಎದ್ದು ಓಡಾಡುತ್ತಿರುವ ಸದ್ದು ಎಂದು ತಿಳಿಯುತ್ತದೆ. ೧೯೭೯ರಲ್ಲಿ ರಫ್ ಟ್ರೇಡ್ 

ಎಂಬ ಅಂಗಡಿಯವರು ಅವರ ಪ್ಲೇಟು ತಂದರು. ೧೯೮೪ರಲ್ಲಿ ತಂಡ ಚದುರಿತು. ಪ್ಲೇಟು ಅಂಗಡಿಗಳಿಂದ ಮಾಯವಾಯಿತು.

೧೯೯೨ರಲ್ಲಿ ಅಮೆರಿಕದ ಯುವಕನೊಬ್ಬ ಲಂಡನ್ನಿನ ರಫ್ ಟ್ರೇಡ್ ಅಂಗಡಿಗೆ ಬಂದು, ರೇನ್‌ಕೋಟ್ಸ್ ಪ್ಲೇಟು ಇದೆಯೆ ಎಂದು ಕೇಳಿದ. ಅವನು ಕರ್ಟ್ ಕೋಬೇನ್. ನಿರ್ವಾಣ ಎಂಬ ತಂಡದ ಹಾಡುಗಾರ. ಆ ವರ್ಷ ಅವನಷ್ಟು ಹೆಸರಾದ ಸಂಗೀತಗಾರರು ಜಗತ್ತಿನಲ್ಲೇ ಕೆಲವರು. ಪ್ಲೇಟು ಇರಲಿಲ್ಲ. ಆದರೆ ಅಂಗಡಿಯಾಕೆ, ಆನಾ ಇಲ್ಲೇ ಹತ್ತಿರದಲ್ಲಿ ತನ್ನ ಬಂಧುವೊಬ್ಬರ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಹೋಗಿ ಕೇಳು ಎಂದಳು. ಆತ ಹೋದ. ಹಳೆಯ ಪಿಂಗಾಣಿ, ಹಳೆಯ ಪೆಟ್ಟಿಗೆಗಳ ನಡುವೆ ಕುಳಿತಿದ್ದ ಆಕೆಯ ಎದುರು ನಿಂತು, ನಿಮ್ಮ ಪ್ಲೇಟು ಬೇಕಾಗಿತ್ತು ಎಂದು ಸಂಕೋಚದಿಂದ ಕೇಳಿದ. ಆಮೇಲೆ ಆಕೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದರು. ಆ ಭೇಟಿಯ ವಿಷಯವನ್ನು ಆತ ತನ್ನ ಪ್ಲೇಟಿನ ಹೊದಿಕೆಯಲ್ಲಿ ಬರೆದ; ರೇನ್‌ಕೋಟ್ಸ್ ಪ್ಲೇಟು ಮರುಮುದ್ರಣವಾದಾಗ ಅದಕ್ಕೆ ಮುನ್ನುಡಿಯನ್ನೂ ಬರೆದ. ೧೯೯೪ರಲ್ಲಿ ಹೆಂಗಸರು ಮತ್ತೆ ತಂಡ ಕಟ್ಟಿದರು. ನಿರ್ವಾಣದ ಜೊತೆ ಬ್ರಿಟನ್ನಿನಲ್ಲಿ ಹಾಡುವುದೆಂದು ಗೊತ್ತಾಗಿತ್ತು. ಆ ಏಪ್ರಿಲಿನಲ್ಲಿ ಕೋಬೇನ್ ತೀರಿಕೊಂಡ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕರ್ಟಿಸನಂತೆಯೇ.

ಇತ್ತೀಚೆಗೆ ಈ ಸಂಗೀತ ಮತ್ತೊಂದು ಸುತ್ತು ಬಂದಿದೆ. ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ಹುಡುಗರು ಪ್ಲೇಟು ತರುವುದಕ್ಕೆ ಮೊದಲು ಸೇರಿ ಕವನ ಬರೆದು, ಸಣ್ಣ ಸಂಕಲನಗಳನ್ನು ತಾವೇ ಅಚ್ಚು ಹಾಕಿಸಿದವರು. ೨೦೧೯ರ ಮೊದಲ ಪ್ಲೇಟಿಗೆ ಅವರಿಟ್ಟ ಹೆಸರು ‘ಡಾಗ್ರೆಲ್’, ಎಂದರೆ ಬೀದಿಯ ಪ್ರಾಸಪದ್ಯ. ಲಂಡನ್ನಿನ ಡ್ರೈ ಕ್ಲೀನಿಂಗ್ ತಂಡದ ಫ್ಲಾರೆನ್ಸ್ ಶಾ ಹಾಡುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಾಳೆ, ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಪೋಣಿಸಿದ ಹಾಗೆ. ಇದು ನನ್ನಾಕೆಗೆ ಹಿಡಿಸಿದೆ. “ಈಕೆ ಹೇಳೋದು ನಮ್ಮ ಲೇಡೀಸ್ ಕ್ಲಬ್ಬಿನ ಹಾಗೇ ಇದೆ” ಎಂದು ಪೂರ್ತಿ ಕೇಳಿದಳು.

ಜೀನಾ ಬರ್ಚ್ ಆಮೇಲೂ ಚಿತ್ರ ಬರೆಯುತ್ತಿದ್ದರು, ಬಾರಿಸುತ್ತಿದ್ದರು. ತಮ್ಮೊಬ್ಬರದೇ ಹೆಸರಿನಲ್ಲಿ ಮೊದಲ ಪ್ಲೇಟು ತಂದದ್ದು ೨೦೨೩ರಲ್ಲಿ, ಅರವತ್ತು ದಾಟಿ ಎಷ್ಟೋ ವರ್ಷವಾದ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಕಲಾಶಾಲೆಯಲ್ಲಿ ಆ ಕಾಲದ ಸ್ತ್ರೀಯರ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಅದರ ಜಾಹೀರಾತಿಗೆ ಹಾಕಿದ್ದು ಆಕೆ ೧೯೭೭ರಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ತೆಗೆದ ಚಲನಚಿತ್ರದ ಒಂದು ಚಿತ್ರ. ಚಲನಚಿತ್ರದಲ್ಲಿ ಬೇರೇನೂ ಇಲ್ಲ. ಆಕೆ ಕ್ಯಾಮರದ ಎದುರು ಮುಖವಿಟ್ಟು ಚೀರುತ್ತಾರೆ, ಮೂರು ನಿಮಿಷ. ಮೂರೇ ನಿಮಿಷ ಏಕೆಂದರೆ, ಅಗ್ಗದ ಆ ಸೂಪರ್ ಎಂಟು ರೀಲು ಇದ್ದದ್ದು ಅಷ್ಟೇ ಉದ್ದ.